ಬೇಲಾಪುರದಲ್ಲಿ ಕನ್ನಡದ ಡಬ್ಬಿಗಾಗಿ ಕಾದದ್ದು

ಹೊಸದು ಬರುತ್ತದೆ, ಅಲ್ಲಿಯವರೆಗೆ ತಡಿ ಎನ್ನುವ ಬುದ್ಧಿ ನನಗೆ ಅಪ್ಪನಿಂದ ಬಂದದ್ದು. 1982ರ ಆಗಸ್ಟ್ 15ರಂದು ದೂರದರ್ಶನ ಬಣ್ಣಕ್ಕೆ ತಿರುಗಿತು. ನವೆಂಬರಿನಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟವನ್ನು ಬಣ್ಣದಲ್ಲೇ ತೋರಿಸಿದರು. ಧಾರವಾಡದ ನಮ್ಮ ಓಣಿಯಲ್ಲಿ ಒಬ್ಬೊಬ್ಬರೇ ಟಿವಿ ತರತೊಡಗಿದಾಗ ಅಪ್ಪ ಮಾತ್ರ, "ಕಲರ್ ಟಿವಿ ರೇಟು ಇಳೀಲಿ, ಆಮ್ಯಾಲೆ ನೋಡೂಣು" ಅಂದರು. ರೇಟು ಇಳಿದು ನಮ್ಮ ಮನೆಗೆ ಟಿವಿ ಬರುವ ಹೊತ್ತಿಗೆ 1987. ಆ ಐದು ವರ್ಷ ಅವ್ವ ಪಕ್ಕದ ಮನೆಯ ಕಿಟಕಿಯ ಹತ್ತಿರ ನಿಂತು ನೋಡಿದಳು. ಅದನ್ನು ಆಗ ನಾನು ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಎಂ.ಕಾಂ. ಓದಿದವನಿಗೆ ಅಪ್ಪನ ಲೆಕ್ಕಾಚಾರವೇ ಸರಿ ಅನ್ನಿಸಿತ್ತು.

1989ರಲ್ಲಿ ಬ್ಯಾಂಕಿನವರು ಮುಂಬೈಗೆ ವರ್ಗ ಮಾಡಿದರು. ಮೊದಲು ಡೊಂಬಿವಲಿಯಲ್ಲಿ ಬಾಡಿಗೆ ಮನೆ. ಬೆಳಗಿನ ಲೋಕಲ್‌ನಲ್ಲಿ ನಿಂತೇ ಹೋಗಿ ನಿಂತೇ ಬರುವ ಬದುಕು. ಮಾನಖುರ್ದಿನಿಂದ ಠಾಣೆ ಖಾಡಿಯ ಮೇಲೆ ಸೇತುವೆ ಹಾಕಿ 1992ರಲ್ಲಿ ವಾಶಿಗೆ, ಮರುವರ್ಷ ಬೇಲಾಪುರಕ್ಕೆ ರೈಲು ಬಿಟ್ಟರು. ಖಾಡಿ ಎಂದರೆ ಸಮುದ್ರ ಒಳನಾಡಿಗೆ ಚಾಚಿಕೊಂಡ ನೀರು. 1995ರಲ್ಲಿ ಸಾಲ ಮಾಡಿ ಬೇಲಾಪುರದಲ್ಲಿ ಸಿಡ್ಕೋ ಕಟ್ಟಿದ ಎರಡು ಕೋಣೆಯ ಮನೆ ಕೊಂಡೆ. ಹಿಂದೆ ಪಾರ್ಸಿಕ್ ಗುಡ್ಡ, ಮುಂದೆ ಅರ್ಧ ಕಟ್ಟಿದ ಆಫೀಸುಗಳು. ಊರಲ್ಲಿರುವ ನಿಮಗೆ ಬೇಲಾಪುರ ಅಂದರೆ ಕೊಂಕಣ ರೈಲ್ವೆಯ ಮುಖ್ಯ ಕಚೇರಿ ಇರುವ ಜಾಗ ಅಂದರೆ ನೆನಪಾದೀತು.

ಅಪ್ಪ ತೀರಿಕೊಂಡ ಮೇಲೆ, 1997ರ ನವೆಂಬರಿನಲ್ಲಿ ಅವ್ವನನ್ನು ಕರೆತಂದೆ. ಅವಳಿಗೆ ಹಿಂದಿ ಬಾರದು, ಮರಾಠಿ ತರಕಾರಿಯವನ ಮಟ್ಟಿಗೆ. ನಾವು ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ, ಮಗ ಶಾಲೆಗೆ. ಬೆಳಿಗ್ಗೆ ಎಂಟರಿಂದ ಸಂಜೆ ಏಳರವರೆಗೆ ಮನೆಯಲ್ಲಿ ಅವಳು ಮತ್ತು ಟಿವಿ. ಒಂದು ದಿನ ಕೇಳಿದಳು, "ತಮ್ಮಾ, ಈ ಡಬ್ಬಿಗೆ ನಮ್ಮ ಮಾತು ಬರೂದಿಲ್ಲೇನು?"

ಬರುತ್ತಿರಲಿಲ್ಲ. ಉದಯ ಟಿವಿ 1994ರಲ್ಲೇ ಶುರುವಾಗಿತ್ತು. ಅದು ನಮ್ಮ ತಲೆಯ ಮೇಲಿನ ಆಕಾಶದಿಂದಲೇ ಇಳಿಯುತ್ತಿತ್ತು, ಆದರೆ ಕೇಬಲ್ಲಿನವನು ಅದನ್ನು ಹಿಡಿದು ನಮ್ಮ ತಂತಿಗೆ ಹಾಕಬೇಕಲ್ಲ. ಅವನಿಗೂ ಒಂದು ಲೆಕ್ಕವಿತ್ತು. ಹಳೆಯ ಅನಲಾಗ್ ಪದ್ಧತಿಯಲ್ಲಿ ಒಂದು ಚಾನೆಲ್ಲಿಗೆ 7 ಅಥವಾ 8 ಮೆಗಾಹರ್ಟ್ಸ್ ಜಾಗ ಬೇಕು. ತಂತಿಯೊಳಗೆ ಇರುವ ಜಾಗ ಇಷ್ಟೇ, ಜನರ ಮನೆಯ ಹಳೆ ಟಿವಿಗಳು ಹಿಡಿಯುವುದು ಅದಕ್ಕಿಂತ ಕಡಿಮೆ. ಹಿಂದಿ, ಮರಾಠಿ, ಗುಜರಾತಿ, ಕ್ರಿಕೆಟ್ಟು, ಇಂಗ್ಲಿಷ್ ಸಿನಿಮಾ ಎಲ್ಲ ಕೂತ ಮೇಲೆ ಉಳಿದ ಒಂದೆರಡು ಜಾಗಕ್ಕೆ ತಲೆ ಎಣಿಕೆ. ನಮ್ಮ ಕಟ್ಟಡಗಳಲ್ಲಿ ಮಲೆಯಾಳಿಗಳು ಹೆಚ್ಚು, ಏಷ್ಯಾನೆಟ್ ಬಂತು. ಕನ್ನಡದವರು ಅಲ್ಲೊಬ್ಬ ಇಲ್ಲೊಬ್ಬ.

ಇದಕ್ಕೆ ಔಷಧ ಜಗತ್ತಿನಲ್ಲಿ ಆಗಲೇ ತಯಾರಾಗಿತ್ತು. 1994ರಲ್ಲಿ ಎಂಪೆಗ್-2 ಎಂಬ ಹೊಸ ಮಾನದಂಡ ಒಪ್ಪಿಗೆ ಪಡೆದಿತ್ತು. ಚಿತ್ರದಲ್ಲಿ ಬದಲಾಗದ ಭಾಗವನ್ನು ಮತ್ತೆ ಮತ್ತೆ ಕಳಿಸದೆ, ಬದಲಾದದ್ದನ್ನಷ್ಟೇ ಕಳಿಸುವ ಉಪಾಯ ಅದು. ನಮ್ಮ ಲೆಡ್ಜರಿನಲ್ಲಿ ದಿನವೂ ಪೂರ್ತಿ ಖಾತೆ ಬರೆಯದೆ ಅಂದಿನ ಜಮಾ-ಖರ್ಚು ಮಾತ್ರ ಏರಿಸುತ್ತೇವಲ್ಲ, ಹಾಗೆ. ಒಂದು ಚಾನೆಲ್ ಕೂರುತ್ತಿದ್ದ ಜಾಗದಲ್ಲಿ ಹತ್ತರ ಹತ್ತಿರ ಕೂರುತ್ತವೆ. ಅದೇ ವರ್ಷ ಅಮೆರಿಕದಲ್ಲಿ ಸಣ್ಣ ಬುಟ್ಟಿಯಂಥ ಡಿಶ್ಶಿನಿಂದ ನೇರ ಮನೆಗೆ ಡಿಜಿಟಲ್ ಟಿವಿ ಬಂದಿತ್ತು. ಚಿತ್ರ ಎಷ್ಟು ಸ್ವಚ್ಛ ಎಂಬುದು ದೊಡ್ಡ ಭಾಷೆಯವರ ಚಿಂತೆ. ನಮ್ಮಂಥವರಿಗೆ ಹೊಸ ಸ್ಟ್ಯಾಂಡರ್ಡ್ ಎಂದರೆ ತಂತಿಯಲ್ಲಿ ಕೂರಲು ಒಂದು ಜಾಗ.

ಆದರೆ ನಮ್ಮ ಸರ್ಕಾರ 1997ರ ಜುಲೈನಲ್ಲಿ, 4800 ಮೆಗಾಹರ್ಟ್ಸ್‌ಗಿಂತ ಮೇಲಿನ ಪ್ರಸಾರ ಹಿಡಿಯುವ ಡಿಶ್ಶು ಡಬ್ಬಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಕೂಡದೆಂದು ಅಧಿಸೂಚನೆ ಹೊರಡಿಸಿತು. ವಿದೇಶಿ ಕಂಪನಿಗಳು ಆಕಾಶದಿಂದ ನೇರ ಮನೆಗೆ ನುಗ್ಗಿಯಾವು ಎಂಬ ಭಯ. ಅವ್ವ ಬೇಲಾಪುರಕ್ಕೆ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ನಿಷೇಧ ಸಡಿಲಿಸಿದ್ದು 2000ದ ನವೆಂಬರಿನಲ್ಲಿ, ನಿಯಮಾವಳಿ ಬಂದದ್ದು 2001ರಲ್ಲಿ. ನಾನು ಪೇಪರಿನ ತುಂಡು ಕತ್ತರಿಸಿ ಫೈಲ್ ಮಾಡಿಕೊಂಡು ಕಾಯುತ್ತಿದ್ದೆ.

ಅವ್ವ ಕಾಯಲಿಲ್ಲ. ಊರಿಂದ ತಂದ ರೇಡಿಯೋ ಇತ್ತು. ಹಗಲು ಅದರಲ್ಲಿ ಬರೀ ಗದ್ದಲ. ರಾತ್ರಿ ಎಂಟರ ಮೇಲೆ ಅಡುಗೆಮನೆಯ ಕಿಟಕಿಯಲ್ಲಿಟ್ಟು ತುಸು ತುಸು ತಿರುಗಿಸಿದರೆ 765ರ ಹತ್ತಿರ ಧಾರವಾಡ ಆಕಾಶವಾಣಿ ಸಿಗುತ್ತಿತ್ತು. ಮೀಡಿಯಂ ವೇವ್ ಅಲೆಗಳು ಕತ್ತಲಾದ ಮೇಲೆ ಮೇಲಿನ ವಾತಾವರಣಕ್ಕೆ ತಾಗಿ ದೂರ ಬೀಳುತ್ತವೆ, ಅದಕ್ಕೆ ಹೀಗೆ. ಖರಖರ ಸದ್ದಿನೊಳಗಿಂದ ಒಂದು ಹಾಡು ಎದ್ದು ಬಂದು ಮತ್ತೆ ಮುಳುಗುತ್ತಿತ್ತು. ಅವಳು ಕಿವಿ ಹಚ್ಚಿ ಕೂತಿರುತ್ತಿದ್ದಳು.

ಇನ್ನು ನನ್ನ ತಪ್ಪಿನ ಮಾತು. 2003ರ ಮೇ ತಿಂಗಳಲ್ಲಿ ನಾನೇ ಓಡಾಡಿ ಅಕ್ಕಪಕ್ಕದ ಸೆಕ್ಟರುಗಳಲ್ಲಿ 24 ಕನ್ನಡ ಮನೆ ಹುಡುಕಿದೆ. ಉಡುಪಿ ಕಡೆಯ ಹೋಟೆಲಿನವರು, ಬೆಳಗಾವಿಯವರು, ನಮ್ಮಂಥ ಬ್ಯಾಂಕಿನವರು, ಮನೆಯಲ್ಲಿ ತುಳು ಆಡಿ ಪೇಪರು ಕನ್ನಡದ್ದು ಓದುವವರು. ಕೇಬಲ್ಲಿನವನು, "ಬೇರೆ ಡಿಶ್ಶು, ರಿಸೀವರು ಹಾಕಬೇಕು, 12,000 ಕೊಟ್ಟರೆ ಒಂದು ಕನ್ನಡ ಚಾನೆಲ್ ಬಿಡ್ತೀನಿ" ಎಂದಿದ್ದ. ಮನೆಗೆ 500 ರೂಪಾಯಿ. ಒಂದು ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಸೇರಿದರು. ಅವ್ವ ಒಗ್ಗರಣೆ ಅವಲಕ್ಕಿ ಮಾಡಿದ್ದಳು.

ಎಲ್ಲರೂ ದುಡ್ಡು ಕೊಡಲು ತಯಾರಿದ್ದರು. ನಾನೇ ಬೇಡ ಅಂದೆ. ಆಗ ಕ್ಯಾಸ್ ಎಂಬುದರ ಗದ್ದಲ. ಬೇಕಾದ ಚಾನೆಲ್ಲಿಗೆ ಮಾತ್ರ ದುಡ್ಡು ಕೊಟ್ಟು ಸೆಟ್‌ಟಾಪ್ ಬಾಕ್ಸಿನಲ್ಲಿ ನೋಡುವ ವ್ಯವಸ್ಥೆ ಅದು. ಸಂಸತ್ತು 2002ರಲ್ಲಿ ಕಾನೂನು ತಿದ್ದಿತ್ತು, 2003ರ ಜುಲೈ 15ರಿಂದ ನಾಲ್ಕು ಮಹಾನಗರಗಳಲ್ಲಿ ಜಾರಿ ಎಂದಿತ್ತು. "ಎರಡು ತಿಂಗಳು ತಡೀರಿ, ಡಿಜಿಟಲ್ ಬಂದರೆ ಜಾಗಕ್ಕೆ ಬರವಿಲ್ಲ, ಕನ್ನಡ ತಾನೇ ಬರ್ತದೆ. ಈ 12,000 ನೀರಿಗೆ ಹಾಕಿದ ಹಾಗೆ" ಎಂದು ಡಿಪ್ರಿಸಿಯೇಷನ್ ಸಮೇತ ವಿವರಿಸಿದೆ. ಬ್ಯಾಂಕ್ ಆಫೀಸರ್ ಹೇಳುತ್ತಿದ್ದಾನೆ ಎಂದು ಎಲ್ಲರೂ ಒಪ್ಪಿ, ಅವಲಕ್ಕಿ ತಿಂದು ಎದ್ದರು. ತಟ್ಟೆ ತೆಗೆಯುತ್ತ ಅವ್ವ ಅಂದಳು, "ಹಂಗಾರ ಈ ವರ್ಷನೂ ದಸರಾ ನೋಡಾಕ ಸಿಗೂದಿಲ್ಲ ಅನ್ನು."

ಜುಲೈ 15 ಹೋಗಿ ಸೆಪ್ಟೆಂಬರ್ 1 ಆಯಿತು. ಆವತ್ತು ಜಾರಿಗೆ ಬಂದದ್ದು ಚೆನ್ನೈ ಒಂದರಲ್ಲೇ. ಮುಂಬೈಯಲ್ಲಿ ಬಂದದ್ದು 2006ರ ಡಿಸೆಂಬರ್ 31ಕ್ಕೆ, ಅದೂ ಕೋರ್ಟು ಗದರಿಸಿದ ಮೇಲೆ, ಅದೂ ದಕ್ಷಿಣ ಮುಂಬೈಯ ಒಂದು ಪಾಲಿಗೆ ಮಾತ್ರ. ಬೇಲಾಪುರ ಮುಂಬೈ ಪಾಲಿಕೆಗೆ ಸೇರಿದ್ದೇ ಅಲ್ಲ ಎಂಬ ಸಾದಾ ಸಂಗತಿ ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಸೆಪ್ಟೆಂಬರಿನಲ್ಲಿ ಮತ್ತೆ ಪಟ್ಟಿ ಹಿಡಿದು ಹೊರಟರೆ 24ರಲ್ಲಿ 11 ಮನೆ ಉಳಿದವು. ಕೆಲವರಿಗೆ ವರ್ಗ, ಕೆಲವರಿಗೆ ಉತ್ಸಾಹ ಇಳಿದಿತ್ತು. ಕೇಬಲ್ಲಿನವನು ನಕ್ಕ.

ಅದೇ ಅಕ್ಟೋಬರಿನಲ್ಲಿ ಡಿಶ್ ಟಿವಿ ಶುರುವಾಯಿತು. ದೇಶದ ಮೊದಲ ಡಿಟಿಎಚ್. ಅದಕ್ಕೂ ನಾನು ಕೈ ಹಾಕಲಿಲ್ಲ. ಒಂದು ಕಂಪನಿಯ ಡಬ್ಬಿ ಇನ್ನೊಂದಕ್ಕೂ ನಡೆಯಬೇಕೆಂದು ಸರ್ಕಾರದ ನಿಯಮದಲ್ಲಿತ್ತು. ನಾಲ್ಕು ಕಂಪನಿ ಬರಲಿ, ಆಗ ಕೊಂಡರಾಯಿತು ಎಂದುಕೊಂಡೆ. ಡಬ್ಬಿ ಹಾಗೇ ಇಟ್ಟು ಕಂಪನಿ ಬದಲಿಸಿದವರನ್ನು ನಾನಂತೂ ಇವತ್ತಿನವರೆಗೆ ನೋಡಿಲ್ಲ.

ಕಾದದ್ದು ಒಂದೇ ಒಂದು ಸಲ ಫಲ ಕೊಟ್ಟಿತು, ಅದನ್ನೂ ಹೇಳಿಬಿಡುತ್ತೇನೆ. ವರ್ಲ್ಡ್‌ಸ್ಪೇಸ್ ಎಂಬ ಉಪಗ್ರಹ ರೇಡಿಯೋ ಬಂದಿತ್ತು. 2000ದಲ್ಲಿ ಹಾರಿಸಿದ ಏಷ್ಯಾಸ್ಟಾರ್ ಉಪಗ್ರಹದಿಂದ ನೇರ ಪ್ರಸಾರ, ಅದರಲ್ಲಿ ಸ್ಪರ್ಶ ಎಂಬ ಕನ್ನಡ ವಾಹಿನಿಯೂ ಇತ್ತು. ಆದರೆ ಆ ಪ್ರಸಾರಕ್ಕೆ ಅದರದೇ ರೇಡಿಯೋ ಬೇಕು, ಬೇರೆ ಯಾವುದರಲ್ಲೂ ಬಾರದು. ನಾನು ಕೊಳ್ಳಲಿಲ್ಲ. ಕಂಪನಿ 2008ರಲ್ಲಿ ದಿವಾಳಿ ಅರ್ಜಿ ಹಾಕಿತು, 2009ರ ಡಿಸೆಂಬರ್ 31ಕ್ಕೆ ಭಾರತದಲ್ಲಿ ಪ್ರಸಾರ ನಿಂತಿತು. ಕೊಂಡವರ ಬಳಿ ಸುಂದರವಾದ ಡಬ್ಬಿ ಉಳಿಯಿತು. ಮಗ ಇದನ್ನು ಕಲಿತು, ಬ್ಲೂ-ರೇಯೋ ಎಚ್‌ಡಿ ಡಿವಿಡಿಯೋ ಎಂದು ಎರಡು ವರ್ಷ ಕೂತ. 2008ರ ಫೆಬ್ರವರಿಯಲ್ಲಿ ತೋಷಿಬಾ ಸೋಲೊಪ್ಪಿಕೊಂಡ ಮೇಲೆ ಬ್ಲೂ-ರೇ ಕೊಂಡು ಗೆದ್ದೆನೆಂದು ಬೀಗಿದ. ಈಗ ಅದರ ಮೇಲೆ ಹೂದಾನಿ ಇದೆ.

2004ರ ಡಿಸೆಂಬರ್ 16ರಂದು ದೂರದರ್ಶನದ ಡಿಡಿ ಡೈರೆಕ್ಟ್ ಪ್ಲಸ್ ಶುರುವಾಯಿತು. 33 ಚಾನೆಲ್, ತಿಂಗಳ ಬಾಡಿಗೆ ಇಲ್ಲ, ಚಂದನ ಇದೆ, ಆಕಾಶವಾಣಿಯ ಕನ್ನಡ ವಾಹಿನಿಯೂ ಇದೆ. ಈ ಸಲ ನಾನು ಫೈಲು ತೆಗೆಯಲಿಲ್ಲ. ಹೆಂಡತಿ ತೆಗೆಯಗೊಡಲಿಲ್ಲ ಎಂಬುದು ಹೆಚ್ಚು ಸರಿ. ಜನವರಿಯಲ್ಲಿ ಸುಮಾರು 3,000 ರೂಪಾಯಿಗೆ ಡಿಶ್ಶು ಡಬ್ಬಿ ಎರಡೂ ಬಂದವು. ಬಾಲ್ಕನಿಯ ಸರಳಿಗೆ ಕಟ್ಟಿ ಆಗ್ನೇಯಕ್ಕೆ ತಿರುಗಿಸಿದರು. ಪೂರ್ತಿ ಏಳು ವರ್ಷ ಎರಡು ತಿಂಗಳ ಮೇಲೆ ಮನೆಯ ಟಿವಿ ಕನ್ನಡ ಮಾತಾಡಿತು.

ಅವ್ವ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಆಕಾಶವಾಣಿ ಹಚ್ಚಿಕೊಟ್ಟರೆ ಸ್ವಲ್ಪ ಹೊತ್ತು ಕೇಳಿ, "ಖರಖರ ಇಲ್ಲ, ಧಾರವಾಡ ಅನಸವಲ್ದು" ಅಂದಳು. ಅದು ಬೆಂಗಳೂರಿನ ಕನ್ನಡವೂ ಹೌದು. ಹಗಲು ಚಂದನ ನೋಡುತ್ತಿದ್ದಳು, ರಾತ್ರಿ ಮಾತ್ರ ಮೊದಲಿನ ಹಾಗೆ ಕಿಟಕಿಯ ರೇಡಿಯೋ. ಅದಕ್ಕೆ ಕಾರಣವೂ ಇತ್ತು. ಮಳೆಗಾಲದಲ್ಲಿ ಜೋರು ಮಳೆ ಹಿಡಿದರೆ ಡಿಜಿಟಲ್ ಚಿತ್ರ ಚೌಕ ಚೌಕವಾಗಿ ಒಡೆದು ಪೂರ್ತಿ ನಿಂತೇ ಹೋಗುತ್ತದೆ. ಹಳೆಯ ರೇಡಿಯೋ ಎಷ್ಟೇ ಕೆಟ್ಟರೂ ಏನಾದರೂ ಒಂದಿಷ್ಟು ಕೇಳಿಸುತ್ತಿತ್ತು.

ಆಮೇಲೆ ಎಲ್ಲವೂ ದಂಡಿಯಾಗಿ ಬಂತು. 2012ರ ಅಕ್ಟೋಬರ್ ಕೊನೆಗೆ ಮುಂಬೈಯಲ್ಲಿ, 2013ರ ಮಾರ್ಚ್ ಕೊನೆಗೆ ನಮ್ಮ ನವಿ ಮುಂಬೈ, ಠಾಣೆ, ಕಲ್ಯಾಣ–ಡೊಂಬಿವಲಿಗಳಲ್ಲಿ ಅನಲಾಗ್ ಕೇಬಲ್ ನಿಲ್ಲಿಸಲು ಗಡುವು ಹಾಕಿದರು. ಕನ್ನಡ ಚಾನೆಲ್ಲುಗಳು ಸಾಲಾಗಿ ಕೂತವು. ಧಾರವಾಡ ಆಕಾಶವಾಣಿ ಈಗ ಫೋನಿನಲ್ಲೇ ಬರುತ್ತದೆ. ಅವ್ವ 2009ರಲ್ಲಿ ಹೋದಳು.

ಅವಳು ಬೇಲಾಪುರದಲ್ಲಿ ಮೊದಲ ಸಲ ಮೈಸೂರು ದಸರಾ ನೋಡಿದ್ದು 2005ರ ಅಕ್ಟೋಬರಿನಲ್ಲಿ. ನಾನು ರಜೆ ಹಾಕಿ ಜೊತೆಗೆ ಕೂತಿದ್ದೆ. ಕಣ್ಣಿನ ಪೊರೆ ತೆಗೆಸಿದ್ದರಿಂದ ಟಿವಿಯ ಹತ್ತಿರವೇ ಕುರ್ಚಿ ಹಾಕಿಕೊಂಡಿದ್ದಳು. ಅಂಬಾರಿ ಹೊತ್ತ ಆನೆ ಅರಮನೆಯ ಮುಂದೆ ಬಂತು. ಅವಳು ಮುಂದಕ್ಕೆ ಬಾಗಿ ನೋಡಿದಳು.

"ಇಂವ ಯಾಂವ? ದ್ರೋಣ ಎಲ್ಲಿ?"

ಧಾರವಾಡದಲ್ಲಿದ್ದಾಗ ಅವಳು ವರ್ಷ ವರ್ಷ ನೋಡಿದ್ದು ದ್ರೋಣನನ್ನೇ. ಅವನು 1998ರಲ್ಲಿ ವಿದ್ಯುತ್ ತಂತಿ ತಾಗಿ ಸತ್ತಿದ್ದ. 1999ರಿಂದ ಅಂಬಾರಿ ಹೊರುತ್ತಿದ್ದವನು ಬಲರಾಮ. ಪೇಪರಿನಲ್ಲಿ ಓದಿ ನನಗೆ ಗೊತ್ತಿತ್ತು, ಅವಳಿಗೆ ಹೇಳಬೇಕೆಂದು ಹೊಳೆದಿರಲೇ ಇಲ್ಲ.

"ದ್ರೋಣ ಹೋಗಿ ಏಳು ವರ್ಷ ಆತು, ಅವ್ವಾ."

ಅವಳು ನನ್ನ ಮುಖ ನೋಡಿದಳು. "ನನಗ್ಯಾರೂ ಹೇಳಲೇ ಇಲ್ಲಲ್ಲೋ" ಅಂದು ಮತ್ತೆ ಟಿವಿಯ ಕಡೆ ತಿರುಗಿದಳು. ಬಲರಾಮ ಬನ್ನಿಮಂಟಪದ ಕಡೆಗೆ ಹೋಗುತ್ತಿದ್ದ.