ಕಣ್ಣಿನ ಆರೈಕೆ

ಕಣ್ಣಿನ ಆರೈಕೆ ಎಂದರೆ ದೃಷ್ಟಿದೋಷ ಹಾಗೂ ಅಂಧತ್ವವನ್ನು ತಡೆಯಲು ದಿನನಿತ್ಯ ಅನುಸರಿಸುವ ಕ್ರಮಗಳು. ಭಾರತದಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವು 1976ರಲ್ಲಿ ಆರಂಭವಾಯಿತು. ಬೆಂಗಳೂರಿನ ಸರ್ಕಾರಿ ಮಿಂಟೊ ಕಣ್ಣಿನ ಆಸ್ಪತ್ರೆಯು 1896ರಲ್ಲಿ ಸ್ಥಾಪನೆಯಾಯಿತು.

ಪರದೆಯ ಬಳಕೆ

ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಕೆಂಪಾಪುರದ ಸಮೀಪದ ಮಾನ್ಯತಾ ಟೆಕ್ ಪಾರ್ಕ್‌ನಂತಹ ತಾಣಗಳಲ್ಲಿ ದಿನವಿಡೀ ಕಂಪ್ಯೂಟರ್ ಬಳಸುವವರು 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು ಸೂಕ್ತ.

ಆಹಾರ ಮತ್ತು ತಪಾಸಣೆ

ನುಗ್ಗೆಸೊಪ್ಪು, ಪಪ್ಪಾಯಿ, ಕ್ಯಾರೆಟ್‌ಗಳಿಂದ ದೊರೆಯುವ ಎ ಜೀವಸತ್ವವು ಇರುಳುಗಣ್ಣನ್ನು ತಡೆಯುತ್ತದೆ. ಕಣ್ಣಿನ ಪೊರೆಯಿಂದ ಮಸುಕಾದ ದೃಷ್ಟಿಯನ್ನು ಶಸ್ತ್ರಚಿಕಿತ್ಸೆಯಿಂದ ಮರಳಿ ಪಡೆಯಬಹುದು; ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳದು. ಆರಂಭದಲ್ಲಿ ಅದು ಸಾಮಾನ್ಯವಾಗಿ ನೋವಿಲ್ಲದೆ ಬೆಳೆಯುವುದರಿಂದ 40 ವರ್ಷ ದಾಟಿದವರಿಗೆ ನಿಯಮಿತ ತಪಾಸಣೆ ಅಗತ್ಯ. ಮಧುಮೇಹಿಗಳು ವರ್ಷಕ್ಕೊಮ್ಮೆ ಅಕ್ಷಿಪಟಲವನ್ನು ಪರೀಕ್ಷಿಸಿಕೊಳ್ಳಬೇಕು.