ಪಿಂಗಾಣಿಯ ಬೆನ್ನ ಮೇಲಿನ ಮುದ್ರೆ

ಡೊಂಬಿವಲಿಯ ಪಾತ್ರೆ ಅಂಗಡಿಯಲ್ಲಿ ‘ಬರಣಿ’ ಎಂದರೆ ಸಾಕು, ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣದ ಉಪ್ಪಿನಕಾಯಿ ಜಾಡಿಯನ್ನು ತಂದು ಎದುರಿಗಿಡುತ್ತಾರೆ. ಮರಾಠಿಯ ಬರಣಿಯೇ ನಮ್ಮ ಭರಣಿ. ನಮ್ಮ ಮನೆಯಲ್ಲಿ ಜಾಡಿ ಎನ್ನುತ್ತಿದ್ದರು. ಹಿಂದಿಯವರು ಹೇಳುವ ‘ಮರ್ತಬಾನ್’ ಬರ್ಮಾದ ಒಂದು ಬಂದರಿನ ಹೆಸರು. ಇವನ್ನೆಲ್ಲ ಸೇರಿಸಿ ನಾವು ಹೇಳುವ ‘ಪಿಂಗಾಣಿ’ಗೂ ಪರ್ಷಿಯನ್ನಿನ ‘ಪಿಂಗಾನ್’ಗೂ ನಂಟು. ಹೆಸರುಗಳೇ ಇಷ್ಟು ಊರು ಸುತ್ತಿ ಬಂದಿವೆ.

ಈಚೆಗೆ ಠಾಕುರ್ಲಿಯಲ್ಲಿ ನಮ್ಮ ಕಡೆಯವರ ಯಾವ ಫ್ಲ್ಯಾಟಿಗೆ ಹೋದರೂ ಟಿ.ವಿ. ಪಕ್ಕದಲ್ಲಿ ಇಂಥದೊಂದು ಜಾಡಿ, ಬಾಲ್ಕನಿಯಲ್ಲಿ ಗೋಡೆಗೆ ಆನಿಸಿದ ಮಂಗಳೂರು ಹಂಚು, ಚೋರ್ ಬಜಾರಿನ ಮಟನ್ ಸ್ಟ್ರೀಟಿನಿಂದ ಚೌಕಾಸಿ ಮಾಡಿ ತಂದ ಹೂವಿನ ತಟ್ಟೆ ಕಾಣುತ್ತವೆ. ಕೇಳಿದರೆ ‘ಊರಿನ ನೆನಪಿಗೆ’ ಎನ್ನುತ್ತಾರೆ. ನೆನಪು ನಿಜ. ಆದರೆ ಇವುಗಳಲ್ಲಿ ಊರಿನದು ಎನ್ನಬಹುದಾದದ್ದು ಮಣ್ಣು ಮಾತ್ರ, ಅದೂ ಹಂಚಿನದು.

ಜಾಡಿಯನ್ನೇ ನೋಡಿ. 14ನೇ ಶತಮಾನದಲ್ಲಿ ಹೊನ್ನಾವರದಲ್ಲಿ ಉಂಡ ಇಬ್ನ್ ಬತೂತ ಅಲ್ಲಿಯ ಊಟವನ್ನು ಬಾಯಿ ಚಪ್ಪರಿಸುತ್ತ ಬರೆದಿದ್ದಾನೆ: ಅನ್ನ, ತುಪ್ಪ, ಜೊತೆಗೆ ಉಪ್ಪಿಗೆ ಹಾಕಿದ ಕಾಳುಮೆಣಸು, ಹಸಿಶುಂಠಿ, ನಿಂಬೆ, ಮಾವು. ಬಡಿಸಿದ್ದು ತಾಮ್ರದ ತಟ್ಟೆಯಲ್ಲಿ. ಮುಂದೆ ಪೂರ್ವದ ಕಡಲಿನಲ್ಲಿ ಅವನಿಗೆ ಸಿಕ್ಕ ಉಡುಗೊರೆಗಳಲ್ಲಿ ಇದೇ ಶುಂಠಿ, ಮೆಣಸು, ನಿಂಬೆ, ಮಾವು ತುಂಬಿದ ನಾಲ್ಕು ದೊಡ್ಡ ಮರ್ತಬಾನ್‌ಗಳಿದ್ದವು. ಉಪ್ಪು, ಹುಳಿ ಎರಡೂ ಲೋಹವನ್ನು ತಿನ್ನುತ್ತವೆ. ಬರೀ ಮಣ್ಣಿನ ಮಡಕೆ ಜಿನುಗುತ್ತದೆ. ಹಡಗಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರಬೇಕಾದರೆ ಗಾಜಿನಂಥ ಮೆರುಗಿನ ಜಾಡಿಯೇ ಆಗಬೇಕಿತ್ತು. ಇನ್ನು ನಾವು ‘ಅಜ್ಜಿಯ ಜಾಡಿ’ ಎನ್ನುವ ಆ ಎರಡು ಬಣ್ಣ? ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಪೊವೆಲ್ ಎಂಬ ಕುಂಬಾರ 1835ರಲ್ಲಿ ಹೊಸ ಮೆರುಗೊಂದನ್ನು ಕಂಡುಹಿಡಿದ. ಅಲ್ಲಿಂದ ಮುಂದೆ ಮೇಲೆ ಕಂದು, ಕೆಳಗೆ ಕೆನೆಬಣ್ಣ ಎಂಬುದೇ ಅಲ್ಲಿಯ ಜಾಡಿಗಳ ಚಹರೆಯಾಯಿತು. ಅದೇ ಚಹರೆಯ ಜಾಡಿಗಳನ್ನು ಆಮೇಲೆ ನಮ್ಮ ದೇಶದ ಕಾರ್ಖಾನೆಗಳೂ ಮಾಡಿದವು. ಡೊಂಬಿವಲಿಯ ಅಂಗಡಿಯವರಿಗೆ ಮಾಲು ಎಲ್ಲಿಯದೆಂದು ಕೇಳಿದರೆ ಗುಜರಾತಿನದು ಎನ್ನುತ್ತಾರೆ.

ಹಂಚಿನ ಕತೆ ನಮಗೆ ಇನ್ನೂ ಹತ್ತಿರದ್ದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರಿಗೆ ಜಾತಿಯವರೂ ಧಣಿಗಳೂ ಕೆಲಸ ಕೊಡದೆ ಹೊರಹಾಕುತ್ತಿದ್ದರು. ಅವರ ಹೊಟ್ಟೆಪಾಡಿಗೆಂದು ಮಿಷನ್ ನೇಯ್ಗೆ, ಮುದ್ರಣ ಎಂದು ಒಂದೊಂದೇ ಉದ್ಯೋಗ ಹುಡುಕಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ. ನೇತ್ರಾವತಿ ದಂಡೆಯ ಜೇಡಿ, ಇಬ್ಬರು ಆಳು, ಒಂದು ಜೊತೆ ಎತ್ತು, ದಿನಕ್ಕೆ 560 ಹಂಚು: ಆರಂಭ ಇಷ್ಟೇ. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಹಂಚಿನ ಕಲ್ಪನೆಯೂ ನಮ್ಮದಲ್ಲ. ಅಲ್ಸಾಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫೆರೋಕ್ ಎಂದು ಕಾರ್ಖಾನೆಗಳು ಬೆಳೆದವು. ಊರಿನ ಬೇರೆ ಉದ್ಯಮಿಗಳೂ ಇಳಿದರು. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ನಂಟಿನ ಕಾರಣಕ್ಕೆ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು.

ಅದಕ್ಕೂ ಮೊದಲು ಕರಾವಳಿಯ ಬಡವರ ಮನೆಗೆ ಮುಳಿಹುಲ್ಲಿನ ಮಾಡು. ಮಳೆಗಾಲಕ್ಕೆ ಮುಂಚೆ ಹೊಸದಾಗಿ ಹೊದೆಸಬೇಕು, ಬೆಂಕಿಗೆ ಹೆದರಬೇಕು. ‘ಹಂಚಿನ ಮನೆಯವರು’ ಎಂದರೆ ಅನುಕೂಲಸ್ಥರು ಎಂದೇ ಅರ್ಥ. ಪತ್ತೆಮಾರಿಗಳಲ್ಲಿ ಹಂಚು ಮುಂಬೈಗೆ ಬಂತು, ಚಾಳುಗಳ ಮಾಡಿಗೇರಿತು. ಅದೇ ಕಡಲದಾರಿಯಲ್ಲಿ ನಮ್ಮ ಹಿರಿಯರೂ ಬಂದರು. ಈಗ ಕಲ್ಯಾಣ, ಡೊಂಬಿವಲಿಯ ಹಳೆಯ ಚಾಳುಗಳು ಒಂದೊಂದಾಗಿ ಬೀಳುತ್ತಿವೆ, ಹಂಚು ಕೆಫೆಗಳ ಗೋಡೆಗೆ ಹೋಗುತ್ತಿದೆ. ‘ಬಾಸೆಲ್ ಮಿಷನ್, 1865’ ಎಂಬ ಅಚ್ಚು ಇದ್ದರೆ ದರ ಹೆಚ್ಚು. 1865 ಎಂಬುದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಮಾರುವವರು ಇದನ್ನು ಹೇಳುವುದಿಲ್ಲ.

ತುಳಸಿಕಟ್ಟೆಯ ಮುಖಕ್ಕೆ ಕೂರಿಸುತ್ತಿದ್ದ ಹೊಳೆಯುವ ಹೂವಿನ ಬಿಲ್ಲೆಗಳದ್ದೂ ಇಂಥದೇ ಕತೆ. ಮೊದಲು ಇಂಗ್ಲೆಂಡಿನವು, ಆಮೇಲೆ ಅದಕ್ಕಿಂತ ಅಗ್ಗವಾಗಿ ಜಪಾನಿನವು. ನಮ್ಮ ಗಿರಾಕಿಗಳಿಗೆಂದೇ ಅವರು ರವಿವರ್ಮನ ಛಾಪುಚಿತ್ರಗಳ ಮಾದರಿಯಲ್ಲಿ ದೇವರ ಬಿಲ್ಲೆಗಳನ್ನೂ ಮಾಡಿ ಕಳಿಸಿದರು. ಹಳೆಯ ಬಿಲ್ಲೆ ಕೈಗೆ ಸಿಕ್ಕರೆ ತಿರುಗಿಸಿ ಬೆನ್ನು ನೋಡಿ.

ಬೆನ್ನ ಮೇಲಿನ ಮುದ್ರೆ ಹೇಳದ ಚರಿತ್ರೆಯೂ ಇದೆ. ನಮ್ಮ ಊರಮನೆಯಲ್ಲಿ ಒಳಗಿನವರು ಕುಡಿಯುತ್ತಿದ್ದದ್ದು ಹಿತ್ತಾಳೆ, ಆಮೇಲೆ ಸ್ಟೀಲಿನ ಲೋಟದಲ್ಲಿ. ಗುಲಾಬಿ ಹೂವಿನ ಚೆಂದದ ಪಿಂಗಾಣಿ ಕಪ್ಪೊಂದು ಹೊರಗೆ ಮಾಡಿನ ಸಂದಿಯಲ್ಲಿ ಇರುತ್ತಿತ್ತು. ಅದು ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿಗೆ. ಆಕೆ ಅದನ್ನು ತಾನೇ ತೆಗೆದು ಅಂಗಳದ ತುದಿಯಲ್ಲಿ ಹಿಡಿಯಬೇಕು, ಅಜ್ಜಿ ಮೇಲಿನಿಂದ ಚಹಾ ಹೊಯ್ಯಬೇಕು. ಕುಡಿದು, ತೊಳೆದು, ಬೋರಲು ಹಾಕಿ ಸಂದಿಯಲ್ಲೇ ಇಟ್ಟು ಹೋಗುತ್ತಿದ್ದಳು. ಪಿಂಗಾಣಿ ಒಳಗೆ ಬರಬಾರದು ಎಂಬುದು ಮಡಿಯ ಲೆಕ್ಕ. ಉಪ್ಪಿನಕಾಯಿ ಜಾಡಿಗೆ ಮಾತ್ರ ಆ ಲೆಕ್ಕ ಯಾಕೆ ಹತ್ತಲಿಲ್ಲ ಎಂದು ಕೇಳಿದರೆ ಅಜ್ಜಿ ನಗುತ್ತಿದ್ದರು.

ಚಿಕ್ಕಪ್ಪ ಹದಿಮೂರನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲಿನಲ್ಲಿ ಹಗಲು ಕಪ್ಪು-ಬಶಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅಂಥವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. “ನಾನು ತೊಳೆದ ಕಪ್ಪು ಯಾರ ಬಾಯಿಗೆ ಹೋಗ್ತದೆ ಅಂತ ಅಲ್ಲಿ ಯಾರೂ ಕೇಳ್ತಿರಲಿಲ್ಲ ಮಾರಾಯ,” ಎನ್ನುತ್ತಿದ್ದರು. ದಪ್ಪ ಅಂಚಿನ ಆ ಬಿಳಿ ಕಪ್ಪುಗಳನ್ನೂ ಈಗ ‘ವಿಂಟೇಜ್’ ಎಂದು ಮಾರುತ್ತಾರೆ.

ಕಳೆದ ವರ್ಷ ಅಣ್ಣ ಊರಮನೆ ಕೆಡವಿಸಿದ. “ಹಂಚಿಗೆ ಒಳ್ಳೆ ರೇಟು ಕೊಡ್ತಾರಂತೆ, ಕೊಟ್ಟುಬಿಡುವನಾ?” ಎಂದು ಫೋನು ಮಾಡಿದ್ದ. ಕೊಡು ಎಂದೆ. ನಾನು ಕೇಳಿ ತರಿಸಿಕೊಂಡದ್ದು ಜಾಡಿ ಮತ್ತು ಆ ಕಪ್ಪು. ಜಾಡಿಯನ್ನು ಅಲಂಕಾರಕ್ಕಿಟ್ಟಿಲ್ಲ, ಅದರಲ್ಲಿ ಮಾವಿನ ಮಿಡಿ ಇದೆ. ಕಪ್ಪಿನ ಹಿಡಿ ಮುರಿದಿದೆ, ಗುಲಾಬಿಯ ಬಣ್ಣ ಹೋಗಿಲ್ಲ. ಬುಡದಲ್ಲಿ ‘ಮೇಡ್ ಇನ್ ಜಪಾನ್’ ಎಂದಿದೆ. ಬಂದವರೆಲ್ಲ ಚೆಂದ ಎನ್ನುತ್ತಾರೆ, ಷೋಕೇಸಿಗೆ ಲೈಟು ಹಾಕಿಸಿ ಎನ್ನುತ್ತಾರೆ. ಯಾರ ಕಪ್ಪೆಂದು ನಾನು ಹೇಳಿದ ಮೇಲೆ ಮಾತು ಬದಲಾಗುತ್ತದೆ.

ಅದರಲ್ಲಿ ಕುಡಿಯುತ್ತಿದ್ದವಳ ಮೊಮ್ಮಗ ಈಗ ಐರೋಲಿಯ ಒಂದು ಕಂಪನಿಯಲ್ಲಿ ಇಂಜಿನಿಯರ್. ಬರುವ ತಿಂಗಳು ಹೆಂಡತಿ ಮಕ್ಕಳೊಡನೆ ಊಟಕ್ಕೆ ಬರುತ್ತೇನೆಂದಿದ್ದಾನೆ. ಅವನು ಬರುವಾಗ ಕಪ್ಪು ಕಪಾಟಿನೊಳಗೆ ಹೋಗಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಅವನ ಅಜ್ಜಿಯದು, ಅವನ ಕೈಗೇ ಕೊಡಬೇಕು ಎನ್ನುತ್ತೇನೆ ನಾನು. “ಕೊಟ್ಟು ಏನಂತ ಹೇಳ್ತೀರಿ?” ಎಂದು ಅವಳು ಕೇಳಿದ್ದಕ್ಕೆ ಇನ್ನೂ ಉತ್ತರ ಹುಡುಕುತ್ತಿದ್ದೇನೆ.