ಲ್ಯಾಪ್‌ಟಾಪ್‌ನ ರಬ್ಬರ್ ಕಾಲು

ಲ್ಯಾಪ್‌ಟಾಪ್‌ನ ತಳಕ್ಕೆ ಅಂಟಿಕೊಂಡು ಇಡೀ ಯಂತ್ರದ ಭಾರ ಹೊರುವ ಮೆತ್ತನೆಯ ಬಿಲ್ಲೆ ಅಥವಾ ಪಟ್ಟಿ. ಕುರ್ಚಿ, ಮಿಕ್ಸಿಗಳ ಕಾಲಿಗೆ ಹೇಳುವಂತೆ ಇದಕ್ಕೂ ‘ಬುಷ್’ ಎನ್ನುವುದುಂಟು. ಹಳೆಯ ಮಾದರಿಗಳಲ್ಲಿ ಮೂಲೆಗೊಂದರಂತೆ ನಾಲ್ಕು ದುಂಡು ಬಿಲ್ಲೆಗಳಿದ್ದವು. ಈಚಿನ ತೆಳು ಮಾದರಿಗಳಲ್ಲಿ ಹಿಂಬದಿಗೆ ಅಡ್ಡಲಾಗಿ ಒಂದು ಉದ್ದ ಪಟ್ಟಿ, ಮುಂಬದಿಗೆ ಒಂದೆರಡು ಚಿಕ್ಕ ತುಂಡುಗಳಿರುವುದೇ ಹೆಚ್ಚು. ಎತ್ತರ ಸಾಮಾನ್ಯವಾಗಿ 2ರಿಂದ 4 ಮಿಲಿಮೀಟರ್. ಇಷ್ಟು ಚಿಕ್ಕದಾದ್ದರಿಂದ ಕಳಚಿ ಬಿದ್ದರೂ ಯಾರೂ ಹುಡುಕುವುದಿಲ್ಲ. ಆದರೆ ಯಂತ್ರದ ಉಸಿರಾಟ ಇದರ ಮೇಲೆಯೇ ನಿಂತಿದೆ.

ಬಹುಪಾಲು ಲ್ಯಾಪ್‌ಟಾಪ್‌ಗಳ ಫ್ಯಾನ್ ತಳದ ಕಿಂಡಿಗಳಿಂದ ಗಾಳಿಯನ್ನು ಒಳಗೆಳೆದುಕೊಂಡು, ಹಿಂದಿನ ಅಥವಾ ಪಕ್ಕದ ಕಿಂಡಿಯಿಂದ ಬಿಸಿಗಾಳಿಯನ್ನು ಹೊರಹಾಕುತ್ತದೆ. ತಳಕ್ಕೂ ಟೇಬಲ್ಲಿಗೂ ನಡುವೆ ಗಾಳಿ ಹಾಯುವ ದಾರಿ ಈ ಕಾಲುಗಳ ಎತ್ತರದಷ್ಟೇ. 3 ಮಿಲಿಮೀಟರ್ ಇದ್ದ ಕಾಲು ಸವೆದು 1 ಮಿಲಿಮೀಟರಿಗೆ ಇಳಿದರೆ ಆ ದಾರಿಯ ಮೂರರಲ್ಲಿ ಎರಡು ಪಾಲು ಮುಚ್ಚಿದಂತಾಯಿತು. ಫ್ಯಾನ್ ಬಿಡುವಿಲ್ಲದೆ ಜೋರಾಗಿ ತಿರುಗುತ್ತದೆ. ಬಿಸಿ ತಾಳದ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಬಳಸುವವರು ‘ಸಿಸ್ಟಂ ಸ್ಲೋ ಆಗಿದೆ’ ಎಂದು ವೈರಸ್ ಹುಡುಕುತ್ತಾರೆ, ವಿಂಡೋಸ್ ಮರುಹಾಕಿಸುತ್ತಾರೆ. ತಳವನ್ನು ತಿರುಗಿಸಿ ನೋಡುವುದು ಕೊನೆಗೆ.

ಹಾವೇರಿ ತಾಲ್ಲೂಕಿನ ಗುತ್ತಲದಂಥ ಊರುಗಳಲ್ಲಿ ಈ ಚಿಕ್ಕ ಭಾಗಕ್ಕೆ ಕೆಲಸ ಹೆಚ್ಚು. ಗುತ್ತಲ ಹೋಬಳಿ ಕೇಂದ್ರ. ಪಹಣಿ ತೆಗೆಸಲು, ಅರ್ಜಿ ತುಂಬಿಸಲು ಸುತ್ತಲ ಹಳ್ಳಿಯವರು ಇಂಥ ಊರಿನ ಆನ್‌ಲೈನ್ ಸೆಂಟರುಗಳಿಗೆ ಬರುವುದುಂಟು. ಅಲ್ಲಿ ಲ್ಯಾಪ್‌ಟಾಪ್ ದಿನಕ್ಕೆ ಹತ್ತಾರು ಸಲ ಕೌಂಟರಿನ ಮೇಲೆ ಆಚೀಚೆ ಸರಿಯುತ್ತದೆ. ಪರದೆಯನ್ನು ಗಿರಾಕಿಯತ್ತ ತಿರುಗಿಸಿ ಹೆಸರು, ಸರ್ವೆ ನಂಬರ್ ಸರಿಯಿದೆಯೇ ಎಂದು ತೋರಿಸಲೇಬೇಕಲ್ಲ. ಕೌಂಟರಿಗೆ ಹಾಸಿದ ಕಡಪಾ ಕಲ್ಲಿನ ಮೇಲೆ ಮಣ್ಣಿನ ದೂಳು ಕುಳಿತಿದ್ದರೆ ಅದು ಉಪ್ಪುಕಾಗದದಂತೆ ರಬ್ಬರನ್ನು ಉಜ್ಜುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಅಂಗಡಿಗಳಲ್ಲಾದರೆ ಕಾಯಿಯ ದೂಳೂ ಅದಕ್ಕೆ ಸೇರುತ್ತದೆ. ಎತ್ತಿ ಇಡುವುದರಿಂದ ಕಾಲು ಅಷ್ಟಾಗಿ ಸವೆಯುವುದಿಲ್ಲ, ಎಳೆಯುವುದರಿಂದ ಸವೆಯುತ್ತದೆ.

ಹೆಸರು ರಬ್ಬರ್ ಎಂದಿದ್ದರೂ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಸುವ ಹಾಲಿನ ರಬ್ಬರಿಗೂ ಇದಕ್ಕೂ ಬಲು ದೂರ. ಲ್ಯಾಪ್‌ಟಾಪ್ ಕಾಲುಗಳು ಹೆಚ್ಚಾಗಿ ಸಿಲಿಕೋನ್, ಪಾಲಿಯುರೆಥೇನ್ ಅಥವಾ ಕೃತಕ ರಬ್ಬರಿನವು. ಪಾಲಿಯುರೆಥೇನಿನ ಕೆಲವು ಬಗೆಗಳು ತೇವ ಮತ್ತು ಬಿಸಿಗೆ ವರ್ಷಗಟ್ಟಲೆ ಸಿಕ್ಕಿದರೆ ಒಡೆದು ಬೆಲ್ಲದ ಪಾಕದಂತೆ ಜಿಗುಟಾಗುತ್ತವೆ. ಹಲವು ಸಲ ಕಾಲು ಗಟ್ಟಿಯಾಗಿಯೇ ಇದ್ದು, ಅದರ ಹಿಂದಿನ ಅಂಟು ಯಂತ್ರದ ಬಿಸಿಗೆ ಸಡಿಲಾಗಿ ಕಾಲು ಪಕ್ಕಕ್ಕೆ ಜಾರಿರುತ್ತದೆ. ಹಾಗೆ ಜಾರಿದ್ದನ್ನು ಬಿಸಾಡಬೇಕಿಲ್ಲ. ಹೊಸ ಅಂಟು ಹಾಕಿ ಅದನ್ನೇ ಕೂರಿಸಬಹುದು.

ಕಾಲು ಬದಲಿಸುವ ಮುನ್ನ ಒಂದು ತಪಾಸಣೆ ಬಿಡಲೇಬಾರದು. ಲ್ಯಾಪ್‌ಟಾಪ್ ಕುಂಟುತ್ತಿದ್ದರೆ ಕಾರಣ ಕಾಲೇ ಆಗಿರಬೇಕೆಂದಿಲ್ಲ. ಒಳಗಿನ ಲಿಥಿಯಂ ಬ್ಯಾಟರಿ ಉಬ್ಬಿದರೂ ತಳ ಹೊಟ್ಟೆಬಂದು ಯಂತ್ರ ಓಲಾಡುತ್ತದೆ. ತಳದ ಮೇಲೆ ಒಂದು ಸ್ಕೇಲನ್ನು ಅಡ್ಡ ಇಟ್ಟು ನೋಡಬೇಕು: ನಡುಭಾಗ ಸ್ಕೇಲಿಗೆ ತಾಗಿ ಅಂಚುಗಳಲ್ಲಿ ಸಂದು ಕಂಡರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಕೂಡು ಬಿಟ್ಟಿದ್ದರೆ ಅದು ಬ್ಯಾಟರಿಯ ಲಕ್ಷಣ. ಆಗ ಯಂತ್ರವನ್ನು ಆಫ್ ಮಾಡಿ, ಚಾರ್ಜಿಗೆ ಹಾಕದೆ, ಒತ್ತದೆ, ಚುಚ್ಚದೆ ಬಲ್ಲವರ ಕೈಗೆ ಕೊಡಬೇಕು. ಉಬ್ಬಿದ ಬ್ಯಾಟರಿಯ ಮೇಲೆ ಹೊಸ ಕಾಲು ಒತ್ತಿ ಕೂರಿಸುವುದು ಬೆಂಕಿಯೊಂದಿಗೆ ಸರಸ.

ಬ್ಯಾಟರಿ ಸರಿಯಿದ್ದರೆ ಮುಂದಿನದು ಅಳತೆ. ಈ ಕೆಲಸದ ಜೀವಾಳವೇ ಎತ್ತರ. ವರ್ನಿಯರ್ ಇಲ್ಲದವರಿಗೆ ಜೆರಾಕ್ಸ್ ಕಾಗದ ಸಾಕು. 80 ಜಿಎಸ್‌ಎಂ ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್. ಲ್ಯಾಪ್‌ಟಾಪನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಕುಂಟುವ ಮೂಲೆಯ ಅಡಿ ಹಾಳೆಯ ತುಂಡುಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋಗಬೇಕು. ಬೆರಳಿನಿಂದ ಒತ್ತಿದರೂ ಅಲುಗದ ಹಂತ ಬಂದಾಗ ತುಂಡುಗಳನ್ನು ಎಣಿಸಿದರೆ, ಹತ್ತಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಆ ಕಾಲು ಎಷ್ಟು ತಗ್ಗಿದೆ ಎಂಬುದು ಸಿಗುತ್ತದೆ. ಇದು ಉಳಿದ ಕಾಲುಗಳಿಗೆ ಹೋಲಿಸಿದ ಅಳತೆ ಮಾತ್ರ. ನಾಲ್ಕೂ ಸವೆದಿದ್ದರೆ ಒಂದನ್ನಷ್ಟೇ ಹೊಸದು ಮಾಡಿದಾಗ ಕುಂಟು ಇನ್ನೊಂದು ಮೂಲೆಗೆ ಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಬದಲಿಸುವುದೇ ಸರಿ. ಹಿಂದಿನವು ಮುಂದಿನವಕ್ಕಿಂತ ಎತ್ತರವಿದ್ದರೆ ಆ ವ್ಯತ್ಯಾಸವನ್ನು ಹಾಗೇ ಉಳಿಸಿಕೊಳ್ಳಬೇಕು.

ಹಳೆಯ ಕಾಲನ್ನು ಕೀಳಲು ಹೇರ್ ಡ್ರೈಯರ್‌ನಿಂದ ಅರೆನಿಮಿಷ ಹದವಾಗಿ ಬಿಸಿ ಮಾಡಿ, ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಎಬ್ಬಿಸಬಹುದು. ಚಾಕು ಬಳಸಿದರೆ ತಳಕ್ಕೆ ಗೀರು ಬೀಳುತ್ತದೆ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಒಂದೇ ದಿಕ್ಕಿಗೆ ಉಜ್ಜಿದರೆ ಅದು ಶಾವಿಗೆಯ ಎಳೆಯಂತೆ ಸುರುಳಿಗಟ್ಟಿ ಏಳುತ್ತದೆ. ಏಳದಿದ್ದರೆ ಒಂದು ಹನಿ ಕೊಬ್ಬರಿ ಎಣ್ಣೆ ಮೆತ್ತಗಾಗಿಸುತ್ತದೆ, ಆದರೆ ಆ ಎಣ್ಣೆಯ ಪಸೆ ಪೂರ್ತಿ ಹೋಗಬೇಕು. ಅದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ತಕ್ಕದ್ದು. ಬೋರ್ಡು ತೊಳೆಯಲು ಮೊಬೈಲ್ ರಿಪೇರಿ ಅಂಗಡಿಯವರು ಇಟ್ಟುಕೊಳ್ಳುವುದು ಇದನ್ನೇ. ಹತ್ತಿಯನ್ನು ಅದರಲ್ಲಿ ಒದ್ದೆ ಮಾಡಿ ಒರೆಸಿದರೆ ಸಾಕು. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಇದಕ್ಕೆ ಬದಲಿಯಲ್ಲ, ಅದರಲ್ಲಿ ಬೆರೆತ ಗ್ಲಿಸರಿನ್ ತೆಳು ಪದರವಾಗಿ ಉಳಿದು ಅಂಟು ಹಿಡಿಯಲು ಬಿಡುವುದಿಲ್ಲ. ಥಿನ್ನರ್ ಮತ್ತು ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ.

ಹೊಸ ಕಾಲು ಎರಡು ಬಗೆಯಲ್ಲಿ ಸಿಗುತ್ತದೆ. ಎಚ್‌ಪಿ, ಲೆನೊವೊದಂಥ ಕಂಪನಿಗಳು ಹಲವು ಮಾದರಿಗಳ ಸರ್ವಿಸ್ ಕೈಪಿಡಿಯಲ್ಲಿ ರಬ್ಬರ್ ಕಾಲುಗಳನ್ನು ಬಿಡಿಭಾಗವಾಗಿ ಪಟ್ಟಿಮಾಡಿವೆ. ತಳದ ಲೇಬಲ್ಲಿನ ಮಾದರಿ ಸಂಖ್ಯೆ ಹಿಡಿದು ಹುಡುಕಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಹಳೆಯ ಯಂತ್ರಗಳ ತಳದ ಕವಚ, ಅಂದರೆ ರಿಪೇರಿಯವರ ಮಾತಿನ ‘ಡಿ ಪ್ಯಾನೆಲ್’, ಕಾಲುಸಮೇತ ಸಿಗುವುದೂ ಉಂಟು. ಎರಡನೆಯದು ಯಾವ ಯಂತ್ರಕ್ಕೂ ಆಗುವ, ಹಿಂದೆ ಅಂಟಿರುವ ಬಿಲ್ಲೆ. ಉದಾಹರಣೆಗೆ 3ಎಂ ಕಂಪನಿಯ ಬಂಪಾನ್ ಬಿಲ್ಲೆಗಳಲ್ಲಿ 7.9 ಮಿಲಿಮೀಟರ್ ಅಗಲ, 2.2 ಮಿಲಿಮೀಟರ್ ಎತ್ತರದ್ದೂ, 12.7 ಮಿಲಿಮೀಟರ್ ಅಗಲ, 3.5 ಮಿಲಿಮೀಟರ್ ಎತ್ತರದ್ದೂ ಇವೆ. ಪಂಕ್ಚರ್ ಅಂಗಡಿಯ ಸೈಕಲ್ ಟ್ಯೂಬಿನ ತುಂಡನ್ನು ಮಡಿಸಿ ಅಂಟಿಸುವವರಿದ್ದಾರೆ. ತುರ್ತಿಗೆ ಅದು ತಪ್ಪಲ್ಲ, ಆದರೆ ಅದರಲ್ಲಿನ ಇಂಗಾಲದ ಪುಡಿ ಬಿಳಿ ಟೇಬಲ್ಲಿನ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

ಅಂಟಿನ ವಿಷಯದಲ್ಲಿ ಆತುರ ಬೇಡ. ಕ್ಷಣದಲ್ಲಿ ಹಿಡಿಯುವ ಫೆವಿಕ್ವಿಕ್ ಬಗೆಯ ಅಂಟು ಒಣಗಿದ ಮೇಲೆ ಗಾಜಿನಂತೆ ಪೆಡಸು. ರಬ್ಬರ್ ಬಾಗಿದಾಗ ಅದು ಬಿರುಕುಬಿಟ್ಟು ಕಳಚುತ್ತದೆ, ಸುತ್ತ ಬಿಳಿ ಮಬ್ಬು ಉಳಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಎಷ್ಟೋ ಮಾದರಿಗಳಲ್ಲಿ ತಳ ಬಿಚ್ಚುವ ಸ್ಕ್ರೂಗಳು ಕಾಲುಗಳ ಅಡಿಯಲ್ಲೇ ಅಡಗಿರುತ್ತವೆ. ಅಲ್ಲಿಗೆ ಈ ಅಂಟು ಇಳಿದರೆ ಮುಂದೆ ಫ್ಯಾನಿನ ದೂಳು ತೆಗೆಯಲೂ ತಳ ತೆರೆಯದು. ತೆಳುವಾದ, ಒಳ್ಳೆಯ ಡಬಲ್ ಸೈಡ್ ಟೇಪ್ ಈ ಕೆಲಸಕ್ಕೆ ಎಲ್ಲಕ್ಕಿಂತ ಮೇಲು. ಕಾಲಿನ ಆಕಾರಕ್ಕೆ ಕತ್ತರಿಸಿ, ತಳದಲ್ಲಿ ಕಾಲಿಗಿರುವ ಹಳ್ಳದಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಅರೆನಿಮಿಷ ಬಲವಾಗಿ ಒತ್ತಬೇಕು. ಗಟ್ಟಿ ಅಕ್ರಿಲಿಕ್ ಟೇಪುಗಳು ಪೂರ್ತಿ ಬಲಕ್ಕೆ ಬರಲು 72 ಗಂಟೆ ಬೇಕು. ಮೊದಲ ಒಂದು ದಿನವಾದರೂ ಯಂತ್ರವನ್ನು ಎಳೆದಾಡಬಾರದು.

ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಗಳ ಮಾಹಿತಿ ಗ್ರಾಹಕರಿಗೆ ಒಂದೇ ಕಡೆ ಸಿಗಲಿ ಎಂಬುದು ಅದರ ಉದ್ದೇಶ. ರಬ್ಬರ್ ಕಾಲಿನಂಥ ಅಗ್ಗದ ಭಾಗವೂ ಆ ಲೆಕ್ಕದಲ್ಲಿ ಬರಬೇಕೆಂಬುದು ನ್ಯಾಯ. ಅಲ್ಲಿಯವರೆಗೆ ಬಳಕೆದಾರರ ಕೈಯಲ್ಲೇ ಇರುವ ಕೆಲಸವೊಂದಿದೆ: ಕಳಚಿದ ಕಾಲನ್ನು ಗುಡಿಸಿ ಹಾಕದೆ ಒಂದು ಚಿಕ್ಕ ಡಬ್ಬಿಯಲ್ಲಿ ಎತ್ತಿಡಿ, ರಿಪೇರಿಗೆ ಕೊಟ್ಟ ಯಂತ್ರ ವಾಪಸು ಬಂದಾಗ ಹಣ ಕೊಡುವ ಮೊದಲು ತಳ ತಿರುಗಿಸಿ ಕಾಲುಗಳನ್ನು ಎಣಿಸಿಕೊಳ್ಳಿ.